ಮೂಳೆ ಉಳಿಯದ ಮಣ್ಣು

ಅವರು ಮೊದಲ ಸಲ ನನ್ನನ್ನು ನೋಡಿದಾಗ ಮುಖ ನೋಡಲಿಲ್ಲ, ದವಡೆ ನೋಡಿದರು.

ಹುಣಸೂರಿನ ಕಾಲೇಜಿನಲ್ಲಿ ನಾನು ಬಿ.ಎಸ್ಸಿ.ಗೆ ಸೇರಿದ ವಾರ ಅದು. ಪ್ರಾಣಿಶಾಸ್ತ್ರದ ಲ್ಯಾಬಿನ ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ ಮೇಡಂ" ಎಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನ ಕಿವಿಯ ಕೆಳಗೆಲ್ಲೋ ದಿಟ್ಟಿಸಿದರು. "ಅಗಲವಾದ ದವಡೆ. ಬುದ್ಧಿಹಲ್ಲಿಗೆ ಜಾಗ ಇದೆ. ಪುಣ್ಯವಂತರು, ಬನ್ನಿ" ಎಂದರು. ಹಿಂದಿದ್ದ ಹುಡುಗರು ಕಿಸಕ್ಕೆಂದರು. ನನಗೆ ಅವಮಾನವಾಯಿತೋ ಸಂತೋಷವಾಯಿತೋ ತಿಳಿಯಲಿಲ್ಲ. ಗಾವಡಗೆರೆ ಪಕ್ಕದ ನಮ್ಮೂರಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಪುಣ್ಯವಂತ ಎಂದಿರಲಿಲ್ಲ.

ಕಾಲೇಜಿನಲ್ಲಿ ಅವರಿಗೆ 'ಮೂಳೆ ಮೇಡಂ' ಎಂದು ಹೆಸರು. ಅದು ಅವರಿಗೂ ಗೊತ್ತಿತ್ತು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. "ಹೆಸರು ಉಳಿಯಲ್ಲ ಕಣ್ರಪ್ಪ, ಹಲ್ಲು ಉಳಿಯುತ್ತೆ" ಎನ್ನುತ್ತಿದ್ದವರು ಅವರು. ಸತ್ತ ಮೇಲೆ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದು ದವಡೆ ಮತ್ತು ಹಲ್ಲು ಎನ್ನುವುದು ಅವರ ಮೊದಲ ಪಾಠ. ಆ ಪಾಠಕ್ಕೆ ಪುಸ್ತಕ ಇರಲಿಲ್ಲ. ನಮ್ಮ ನಮ್ಮ ಬೆರಳಿಂದ ನಮ್ಮ ನಮ್ಮ ಹುಬ್ಬಿನ ಮೂಳೆ, ಕೆನ್ನೆ, ಗದ್ದ ಎಲ್ಲವನ್ನೂ ಮುಟ್ಟಿ ನೋಡಿಕೊಳ್ಳಬೇಕು. ಇಡೀ ತರಗತಿ ಕಣ್ಣುಮುಚ್ಚಿ ತನ್ನ ಮುಖವನ್ನೇ ತಡವುತ್ತಾ ಕೂತಿರುವಾಗ ಅವರು ಬೆಂಚುಗಳ ನಡುವೆ ಓಡಾಡುತ್ತಾ, "ಗದ್ದ ಮುಂದಕ್ಕೆ ಚಾಚಿದೆಯಾ? ಚಾಚಿರೋದು ನಮಗೊಬ್ಬರಿಗೇ. ಮಂಗನಿಗಿಲ್ಲ, ನಮಗಿಂತ ಹಿಂದಿನೋರಿಗೂ ಇರ್ಲಿಲ್ಲ. ಯಾಕೆ ಬಂತು ಅಂತ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರ್ಕೊಳಿ" ಎನ್ನುತ್ತಿದ್ದರು. ಗೊತ್ತಿಲ್ಲ ಎಂದು ಬರೆಸಿದ ಮೇಷ್ಟ್ರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಹೆಚ್ಚಿಗೆ ಕಾಣಲಿಲ್ಲ.

ಒಮ್ಮೆ ಹನಗೋಡಿನ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ನಮ್ಮಪ್ಪ ಏಳ್ತದೆ, ಮನುಷ್ಯ ಮಂಗನಿಂದ ಬಂದಿಲ್ವಂತೆ" ಎಂದ.

"ನಿಮ್ಮಪ್ಪ ಹೇಳಿದ್ದು ಸರಿ ಕಣ್ರಪ್ಪ. ನಾವು ಮಂಗನಿಂದ ಬಂದಿಲ್ಲ, ಮಂಗ ನಮ್ಮಿಂದ ಬಂದಿಲ್ಲ. ಇಬ್ರೂ ದಾಯಾದಿಗಳು. ಭಾಗ ಆಗಿ ಬಹಳ ಕಾಲ ಆಯ್ತು. ಅವ್ರು ಮರ ಇಟ್ಕೊಂಡ್ರು, ನಾವು ನೆಲ ತಗೊಂಡ್ವಿ."

"ಅದ್ಕೇ ಮೇಡಂ, ಇವತ್ತೂ ನಮ್ಮ ಜೋಳದೊಲಕ್ಕೆ ಬಂದು ಪಾಲು ಕೇಳ್ತವೆ" ಎಂದ ಹುಡುಗ. ಅವತ್ತು ಅವರು ನಕ್ಕ ನಗು ಕಾರಿಡಾರಿನ ಆಚೆಗೂ ಕೇಳಿತು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ತರಗತಿಯ ಹೊರಗೆ ಅವರು ಒಬ್ಬರೇ. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಅವರದು, ಪಕ್ಕದ ಕುರ್ಚಿ ಖಾಲಿ. ಆ ಕೈಯಲ್ಲಿ ಏನೇನು ಮುಟ್ಟಿರುತ್ತಾರೋ ಎಂದು ಉಳಿದ ಮೇಡಂಗಳು ಅವರ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಅವರೂ ಒಂದು ಸಲಕ್ಕಿಂತ ಹೆಚ್ಚು ಕರೆಯುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಕೆ.ಆರ್. ನಗರದ ಕಡೆಯ ಗದ್ದೆಯ ಊರು, ಲಿಂಗವಂತರ ಮನೆತನ, ಅಲ್ಲೊಬ್ಬ ತಮ್ಮ ಇದ್ದಾನೆ ಎನ್ನುವಷ್ಟು ನಮಗೆ ಗೊತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗುತ್ತಿರಲಿಲ್ಲ. ಹಬ್ಬದ ರಜೆಯಲ್ಲಿ ಹುಣಸೂರಿನ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಶೂ ಹಾಕಿಕೊಂಡು, ಎಚ್.ಡಿ. ಕೋಟೆಯ ಬಸ್ಸಿಗೆ ಕಾಯುತ್ತಾ ನಿಂತಿರುತ್ತಿದ್ದರು.

ಬಾಡಿಗೆ ಮನೆಗಳನ್ನು ಅವರು ಬದಲಿಸುತ್ತಲೇ ಇದ್ದರು. ಸಸ್ಯಾಹಾರಿ ಹೆಂಗಸು ಎಂದು ಮನೆ ಕೊಟ್ಟವರಿಗೆ, ಹಿತ್ತಲಲ್ಲಿ ಕುರಿಯ ಕಾಲುಮೂಳೆ ಕುದಿಯುತ್ತಿರುವುದು ಕಂಡರೆ ಹೇಗಾಗಬೇಡ? ಮಟನ್ ಅಂಗಡಿಯಿಂದ ತಂದು, ಬೇಯಿಸಿ, ಮಾಂಸ ಬಿಡಿಸಿ, ಒಣಗಿಸಿ ನಮಗೆ ಪಾಠಕ್ಕೆ ತರುತ್ತಿದ್ದರು. ಒಂದು ಸಲ ಮನೆ ಖಾಲಿ ಮಾಡುವಾಗ ಸಾಮಾನು ಹೊರಲು ನಾನೂ ಹೋಗಿದ್ದೆ. ಮನೆಯೊಡತಿ ಜಗಲಿ ಮೇಲೆ ನಿಂತು ನನ್ನ ಹತ್ತಿರ ಹೇಳಿದಳು:

"ನೋಡಪ್ಪ, ಲಿಂಗ ಕಟ್ಟಿದ ಮನೇಲಿ ಮೂಳೆ ಬೇಯಿಸ್ತಾರೆ. ಕೇಳಿದ್ರೆ ಊಟಕ್ಕಲ್ಲ, ಪಾಠಕ್ಕೆ ಅಂತಾರೆ. ಊಟಕ್ಕೆ ಬೇಯಿಸಿದ್ರೇ ವಾಸಿಯಾಗಿತ್ತು ಕಣಪ್ಪ, ಬೀದಿಯೋರ್ಗೆ ಹೇಳೋಕಾದ್ರೂ ಒಂದು ಮಾತಿರ್ತಿತ್ತು!"

ಮೇಡಂ ಒಳಗಿನಿಂದ, "ಅಮ್ಮಾ, ಹಿತ್ತಲ ಕಲ್ಲಿನ ಮೇಲೆ ಒಂದು ದವಡೆ ಒಣಗ್ತಾ ಇದೆ. ಒಸಿ ಎತ್ಕೊಡಿ" ಎಂದು ಕೂಗಿದರು. ಮನೆಯೊಡತಿ ಎತ್ತಿಕೊಡಲಿಲ್ಲ. ನಾನು ಎತ್ತಿಕೊಟ್ಟೆ.

ಅವರು ಹುಡುಕುತ್ತಿದ್ದುದು ಮನುಷ್ಯನನ್ನು. ನಮ್ಮ ಈ ನೆಲದಲ್ಲಿ, ಕಬಿನಿ ಲಕ್ಷ್ಮಣತೀರ್ಥಗಳ ನಡುವೆ, ಮೊದಲು ಬದುಕಿದ್ದ ಯಾರದಾದರೂ ಒಂದು ಮೂಳೆ. ಇಡಿಯ ಅಸ್ಥಿಪಂಜರ ಬೇಡ, ಒಂದು ಹಲ್ಲು ಸಾಕು. ನಮ್ಮ ದೇಶದಲ್ಲಿ ಆದಿಮಾನವನದು ಎನ್ನಬಹುದಾದ ತಲೆಬುರುಡೆಯ ಚೂರು ಸಿಕ್ಕಿರುವುದು ದೂರದ ನರ್ಮದೆಯ ದಡದಲ್ಲಿ. ಅಲ್ಲಿಯ ಮಣ್ಣಿನಲ್ಲಿ ಸುಣ್ಣವಿದೆ. ಸುಣ್ಣ ಮೂಳೆಯನ್ನು ಕಾಯುತ್ತದೆ, ನಿಧಾನಕ್ಕೆ ಕಲ್ಲಾಗಿಸುತ್ತದೆ. ನಮ್ಮದು ಕೆಂಪು ಮಣ್ಣು, ಹುಳಿ ಮಣ್ಣು. ಮೂಳೆಯನ್ನು ಸದ್ದಿಲ್ಲದೆ ತಿಂದುಹಾಕುತ್ತದೆ. ಇದನ್ನು ನಮಗೆ ಪಾಠ ಮಾಡಿದವರೇ ಅವರು. ಹಾಗಿದ್ದೂ ರಜೆ ಬಂತೆಂದರೆ ಹೊಳೆದಂಡೆ, ಕೆರೆ ಏರಿ, ಕಬಿನಿಯ ಹಿನ್ನೀರು ಎಂದು ಅಲೆಯುತ್ತಿದ್ದರು. ಮೈಸೂರಿನಲ್ಲಿ ಅವರ ಜೊತೆ ಓದಿ ಈಗ ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದ ಸಹಪಾಠಿಯೊಬ್ಬರು ಫೋನಿನಲ್ಲಿ ಆಗಾಗ ಕೇಳುತ್ತಿದ್ದರಂತೆ, "ಏನಮ್ಮ, ಸಿಕ್ಕಿದನಾ ನಿನ್ನ ಗಂಡು?" ಎಂದು. ಅದನ್ನು ಅವರೇ ನಮಗೆ ಹೇಳಿ ತುಟಿಯಂಚಲ್ಲಿ ನಗುತ್ತಿದ್ದರು.

ಹನಗೋಡಿನ ಹತ್ತಿರ ಹೊಳೆಯ ಜಲ್ಲಿಯಲ್ಲಿ ಅವರಿಗೊಂದು ಕಲ್ಲಿನ ಕೊಡಲಿ ಸಿಕ್ಕಿತ್ತು. ಲ್ಯಾಬಿನ ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ಯಾರು ಅದನ್ನು ಹೊಗಳಿದರೂ ಒಂದೇ ಮಾತು: "ಕೊಡಲಿ ಸಿಕ್ತು. ಹಿಡಿದ ಕೈ ಸಿಕ್ಕಿಲ್ಲ."

ನನ್ನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಓದಿದವರಲ್ಲ. ಅಪ್ಪನಿಗೆ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಯಿಗೆ ಸೌದೆ ಒತ್ತುತ್ತಾ, ಅದೇ ಬೆಂಕಿಯ ಬೆಳಕಿನಲ್ಲಿ ಓದಿ ಪಾಸಾದವನು ನಾನು. ಇದನ್ನು ಹೇಳಿಕೊಳ್ಳಲು ಈಗ ನನಗೆ ಹೆಮ್ಮೆ. ಆಗ ಹಾಗಿರಲಿಲ್ಲ. ಒಂದು ದಿನ ಲ್ಯಾಬಿನಲ್ಲಿ ಅವರು, "ನಿಮ್ಮ ಮನೇಲಿ ನಿಮಗಿಂತ ಮುಂಚೆ ಡಿಗ್ರಿ ಯಾರು ಮಾಡಿದಾರೆ?" ಎಂದು ಕೇಳಿದರು. "ಯಾರೂ ಇಲ್ಲ ಮೇಡಂ. ನಾನೇ ಮೊದಲು" ಎಂದು ತಲೆ ತಗ್ಗಿಸಿದೆ.

"ತಲೆ ಯಾಕೆ ತಗ್ಗಿಸ್ತೀರ? ಮೊದಲನೆಯವನು ಯಾರು ಅಂತ ಹುಡುಕ್ಕೊಂಡು ನಾನು ಊರೂರು ಅಲೀತಾ ಇದೀನಿ. ನೀವು ನನ್ನ ಮುಂದೇನೇ ನಿಂತಿದೀರ" ಎಂದರು.

ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಮುಗಿಸಿ, ಪಿರಿಯಾಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾ ಇಂದಿಗೂ ನಾನು ತಲೆ ಎತ್ತಿ ನಿಂತಿದ್ದೇನೆ. ಎತ್ತಿದ್ದು ಆ ಮಾತು.

ಕೆಲಸ ಸಿಕ್ಕಿದ ಮೇಲೆ ಬೇಸಿಗೆಯಲ್ಲಿ ಒಮ್ಮೊಮ್ಮೆ ಅವರ ಜೊತೆ ಹಿನ್ನೀರಿಗೆ ಹೋಗುತ್ತಿದ್ದೆ. ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನೀರು ಇಳಿದಾಗ ಮೇಲುಗಡೆ ಮುಳುಗಿದ್ದ ನೆಲ ಮೈಲುಗಟ್ಟಲೆ ಹೊರಗೆ ಬರುತ್ತದೆ. ಬಿರಿದ ಕೆಸರು, ಅದರ ಮೇಲೆ ಹಸಿರು ಗರಿಕೆ, ನಡುನಡುವೆ ಬುಡ ಮಾತ್ರ ಉಳಿದ ಕರೀ ಮರಗಳು, ಯಾವುದೋ ಮನೆಯ ಒರಳುಕಲ್ಲು. ಆಚೆ ದಡದಲ್ಲಿ ಕಾಡು, ಆನೆ. ಆನೆ ನೋಡಲು ಬಂದ ರೆಸಾರ್ಟಿನ ದೋಣಿಯವರು ನಮ್ಮ ಕಡೆಗೂ ದುರ್ಬೀನು ತಿರುಗಿಸುತ್ತಿದ್ದರು. ಮೇಡಂ ಕೈ ಹಿಂದಕ್ಕೆ ಕಟ್ಟಿಕೊಂಡು ನೆಲ ನೋಡುತ್ತಾ ನಡೆಯುತ್ತಿದ್ದರು. ಗುದ್ದಲಿ ಹಿಡಿಯುತ್ತಿರಲಿಲ್ಲ. "ಅಗೆಯೋಕೆ ಅಪ್ಪಣೆ ಬೇಕು. ನೋಡೋಕೆ ಬೇಡ. ನೀರು ಪ್ರತಿ ವರ್ಷ ನನಗೋಸ್ಕರ ಅಗೆದಿಟ್ಟು ಹೋಗುತ್ತೆ" ಎನ್ನುತ್ತಿದ್ದರು. ಚೀಲದಲ್ಲಿ ಒಂದು ಬಣ್ಣ ಹಚ್ಚುವ ಬ್ರಷ್ಷು, ಬಿದಿರ ಕಡ್ಡಿ, ನೀರು, ಬುತ್ತಿ. ಬಿಳಿ ಚೂರೇನಾದರೂ ಕಂಡರೆ ಎತ್ತಿ, ಸೆರಗಲ್ಲಿ ಒರೆಸಿ, ನಾಲಿಗೆಯ ತುದಿಗೆ ಮುಟ್ಟಿಸುವರು. ಮೂಳೆಯಾದರೆ ಸಣ್ಣ ಸಣ್ಣ ರಂಧ್ರಗಳಿಗೆ ನಾಲಿಗೆ ಅಂಟುತ್ತದೆ, ಕಲ್ಲಾದರೆ ಅಂಟುವುದಿಲ್ಲ. "ಛೀ ಮೇಡಂ" ಎಂದರೆ, "ಎಷ್ಟು ವರ್ಷದಿಂದ ತೊಳೆದಿದೆ ನೀರು, ನಿಮ್ಮ ಹೋಟ್ಲು ಲೋಟಕ್ಕಿಂತ ಶುದ್ಧ" ಎಂದು ನನ್ನನ್ನೇ ಗದರಿಸುವರು. ಬಹುಪಾಲು ಅಂಟುತ್ತಿರಲಿಲ್ಲ. ಅಂಟಿದ್ದು ದನದ್ದೋ ಜಿಂಕೆಯದೋ ಆಗಿರುತ್ತಿತ್ತು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು.

ನಿವೃತ್ತಿಗೆ ಮುಂಚಿನ ಕೊನೆಯ ಬೇಸಿಗೆ. ಒಂದು ಬೆಳಿಗ್ಗೆ ಫೋನ್ ಬಂತು.

"ಬಿಡುವಿದ್ರೆ ಬಂದ್ಬಿಡಿ. ಹಿನ್ನೀರಿಗೆ."

"ಏನಾಯ್ತು ಮೇಡಂ?"

"ಅಂಟ್ತು."

ಮೊದಲ ಬಸ್ಸು ಹಿಡಿದು ಹೋದೆ. ಮಳೆನೀರು ಕೊರೆದ ಒಂದು ಕೊರಕಲಿನ ಪಕ್ಕದಲ್ಲಿ ಕೊಡೆ ಬಿಡಿಸಿ ನೆಟ್ಟು, ಅದರ ನೆರಳನ್ನು ಆ ಜಾಗಕ್ಕೆ ಕೊಟ್ಟು, ತಾವು ಬಿಸಿಲಲ್ಲಿ ಕೂತಿದ್ದರು. ಕೊರಕಲಿನ ಗೋಡೆಯಲ್ಲಿ ಕೆಂಪು ಮಣ್ಣಿನ ನಡುವೆ ಒಂದು ದವಡೆಯ ಅಂಚು, ಅದರಲ್ಲಿ ಹಲ್ಲು, ಕೆಳಗೊಂದು ತೋಳಿನ ಮೂಳೆ. ಮನುಷ್ಯನದೇ. ಸುತ್ತಲೂ ಬೆಳ್ಳಗೆ ಗಟ್ಟಿಯಾದ ಒಂದು ಪದರ.

"ನೋಡಿ, ಸುಣ್ಣ" ಎಂದರು. "ಈ ಮಣ್ಣಲ್ಲಿ ಸುಣ್ಣ! ಇಷ್ಟು ವರ್ಷ ಇಲ್ಲ ಇಲ್ಲ ಅಂತ ಪಾಠ ಮಾಡಿದೀನಲ್ಲಪ್ಪ. ಸುಣ್ಣ ಇದ್ದಿದ್ದಕ್ಕೇ ಮೂಳೆ ಉಳಿದಿದೆ. ಕಲ್ಲಾಗಿರಬಹುದು. ಗದ್ದ ನೋಡಿ, ಚಾಚಿದೆ, ನಮ್ಮಂಥೋರೇ. ಆದರೆ ಎಷ್ಟು ಹಳಬರು ಅಂತ..." ಅಲ್ಲಿಗೆ ನಿಲ್ಲಿಸಿ ಕೈಯಲ್ಲಿದ್ದ ಮೊಬೈಲ್ ತೋರಿಸಿದರು. ಪರದೆಯಲ್ಲಿ ಆ ಸಹಪಾಠಿಯ ಹೆಸರು ಇತ್ತು. "ಬೆಳಗ್ಗೆಯಿಂದ ಒತ್ತಲಾ ಬೇಡ್ವಾ ಅಂತ ಕೂತಿದೀನಿ. ಇನ್ನೊಂದು ಜೊತೆ ಕಣ್ಣು ನೋಡೋ ತನಕ ನನ್ನ ಕಣ್ಣನ್ನ ನಾನು ನಂಬಲ್ಲ. ನೀವು ನೋಡಿ ಹೇಳಿ, ಒತ್ತುತೀನಿ."

ಅವರ ಮುಖವನ್ನು ನಾನು ಹಾಗೆ ನೋಡಿರಲಿಲ್ಲ. ಬಿಸಿಲಿಗೆ ಕೆಂಪಾಗಿ, ಕಣ್ಣು ಅಗಲವಾಗಿ, ಶಾಲೆಯಲ್ಲಿ ಬಹುಮಾನಕ್ಕೆ ಹೆಸರು ಕೂಗುವುದನ್ನು ಕಾಯುವ ಹುಡುಗಿಯ ಹಾಗಿದ್ದರು.

ನಾನು ಬಗ್ಗಿ ಆ ಬಿಳಿಯ ಪದರವನ್ನು ಮುಟ್ಟಿದೆ. ಮೇಲೆ ಗಟ್ಟಿ. ಬೆರಳಿಂದ ಒಸಿ ಒತ್ತಿದರೆ ಒಳಗೆ ನುಣ್ಣನೆ ಹುಡಿ. ಬೆರಳುಗಳಿಗೆ ಮೆತ್ತಿತು. ಯೋಚಿಸದೆ ಮೊಣಕೈಗೆ ಒರೆಸಿಕೊಂಡೆ. ಕಪ್ಪು ತೋಳಿನ ಮೇಲೆ ಮೂರು ಬಿಳಿ ಗೆರೆ ಎದ್ದವು.

ನಮ್ಮ ತಾತ ತೀರಿಕೊಂಡಾಗ ಗುಂಡಿಯ ಪಕ್ಕದಲ್ಲಿ ನಿಂತು ನಾನೂ ತುಂಬಿದ್ದೆ. ಆ ನುಣುಪು ಕೈಗೆ ಗೊತ್ತಿತ್ತು. ಅವರೂ ಆ ಗೆರೆಗಳನ್ನು ನೋಡಿದರು.

"ಮೇಡಂ, ಇವ್ರು ಕೂತವ್ರೆ ಅನ್ಸುತ್ತೆ" ಎಂದೆ.

ಅವರು ಬ್ರಷ್ಷು ತೆಗೆದುಕೊಂಡು ಕೊರಕಲಿನ ಗೋಡೆಯ ಸಡಿಲ ಮಣ್ಣನ್ನು ಮೇಲಿಂದ ಕೆಳಕ್ಕೆ ಸವರುತ್ತಾ ಹೋದರು. ಹೊತ್ತು ಏರಿತು, ಇಳಿಯಿತು. ಬುತ್ತಿ ಬಿಚ್ಚಲಿಲ್ಲ. ಕೊನೆಗೆ ಮಡಿಲಿನ ಎತ್ತರದಲ್ಲಿ ಕೈಬೆರಳಿನ ಸಣ್ಣ ಮೂಳೆಗಳು ಕಂಡವು. ಅವುಗಳ ನಡುವೆ ಕರ್ರಗೆ, ನೆಲ್ಲಿಕಾಯಿ ಗಾತ್ರದ ಒಂದು ಉಂಡೆ. ಅಂಗೈಯಲ್ಲಿ ಲಿಂಗ.

ಸುಣ್ಣದ ನೆಲ ಅಲ್ಲ, ಸಮಾಧಿ. ಅಣೆಕಟ್ಟು ಕಟ್ಟುವುದಕ್ಕೆ ಮುಂಚೆ ಅಲ್ಲಿದ್ದ ಊರಿನ ರುದ್ರಭೂಮಿ ಅದು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಗುಂಡಿಯ ಗೂಡಿನಲ್ಲಿ ಕೂರಿಸಿ, ಸುತ್ತ ವಿಭೂತಿ ಗಟ್ಟಿ, ಉಪ್ಪು, ಪತ್ರೆ ತುಂಬುತ್ತೇವೆ. ಹುಳಿ ಮಣ್ಣು ತಿನ್ನಲಾರದಂತೆ ಆ ಮೂಳೆಯನ್ನು ಕಾದದ್ದು ಆ ವಿಭೂತಿಯಲ್ಲಿದ್ದ ಸುಣ್ಣ. ಯಾರದೋ ತಾತನೋ ಮುತ್ತಾತನೋ. ಮಣ್ಣಿನ ಲೆಕ್ಕದಲ್ಲಿ ಅವರು ನಿನ್ನೆ ಮೊನ್ನೆಯವರು.

ಮೇಡಂ ಮೊಬೈಲನ್ನು ಚೀಲದೊಳಗೆ ಹಾಕಿದರು. ಲಿಂಗವಂತರ ಮನೆಯಲ್ಲಿ ಹುಟ್ಟಿದವರಿಗೆ ಇದು ಹೇಗೆ ಹೊಳೆಯಲಿಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಕೇಳಲಿಲ್ಲ. ಅವರೇ ಹೇಳಿದರು.

"ನಾನು ನೋಡೇ ಇಲ್ಲ ಕಣ್ರಪ್ಪ. ಅಪ್ಪ ಹೋದಾಗ ನಾನೂ ಬರ್ತೀನಿ ಅಂದೆ. ಹೆಣ್ಣುಮಕ್ಳು ಊರ ಬಾಗಿಲು ದಾಟಬಾರ್ದು ಅಂದ್ರು. ವಿಭೂತಿ ಗಟ್ಟಿ ಬುಟ್ಟೀಲಿ ತುಂಬ್ಕೊಟ್ಟಿದ್ದು ನಾನೇ. ಅದು ಎಲ್ಲಿಗೆ ಹೋಗುತ್ತೆ, ಏನಾಗುತ್ತೆ ಅಂತ ಕಾಣ್ಲಿಲ್ಲ. ಅವತ್ತು ಸಂಜೆ ಬಸ್ ಹತ್ತಿ ಬಂದ್ಬಿಟ್ಟೆ. ಆಮೇಲೆ ಹೋಗ್ಬೇಕು ಅನ್ಸಲೇ ಇಲ್ಲ." ಕೊರಕಲಿನ ಕಡೆ ಗದ್ದದಿಂದಲೇ ತೋರಿಸಿ, "ಅಪ್ಪನ್ನೂ ಹಿಂಗೇ ಕೂರ್ಸಿರ್ತಾರಾ?" ಎಂದು ಕೇಳಿದರು.

"ಹೂಂ ಮೇಡಂ."

"ಹೇಳಿ. ಮೊದಲಿಂದ ಹೇಳಿ."

ನಾನು ಹೇಳಿದೆ. ಗುಂಡಿಯೊಳಗೆ ಪಕ್ಕಕ್ಕೆ ಗೂಡು ಹೇಗೆ ತೆಗೆಯುತ್ತಾರೆ, ಇಬ್ಬರು ಇಳಿದು ಹೇಗೆ ಕೂರಿಸುತ್ತಾರೆ, ಎಡ ಅಂಗೈ ಬಿಡಿಸಿ ಲಿಂಗ ಹೇಗೆ ಇಡುತ್ತಾರೆ, ಮಡಿಲಿಂದ ಎದೆಗೆ, ಎದೆಯಿಂದ ಕತ್ತಿಗೆ ವಿಭೂತಿ ಹೇಗೆ ಏರುತ್ತದೆ, ಕೊನೆಗೆ ಮುಖಕ್ಕೆ ಮಣ್ಣು ತಾಗದಂತೆ ಹೇಗೆ ನೋಡಿಕೊಳ್ಳುತ್ತಾರೆ. ಕೈಕಟ್ಟಿ ಕೂತು, ತರಗತಿಯ ಮೊದಲ ಬೆಂಚಿನವರ ಹಾಗೆ ಕೇಳಿಸಿಕೊಂಡರು. ನಡುವೆ ಒಮ್ಮೆ, "ನಾಲಿಗೆ ಮೇಲೆ ಇಟ್ಕೊಂಡೆನಲ್ಲಪ್ಪ ಇವರನ್ನ" ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೀರಿನ ಕಡೆ ನೋಡುತ್ತಾ ಕೂತರು. ಆಚೆ ದಡದಲ್ಲಿ ಒಂಟಿ ಆನೆಯೊಂದು ನೀರಿಗೆ ಇಳಿದು ನಿಂತಿತ್ತು. ನಾನು ಕೊಡೆಯನ್ನು ಎತ್ತಿ ಅವರ ತಲೆಯ ಮೇಲೆ ಹಿಡಿದೆ.

ಮುಳುಗಿದ ಆ ಊರಿನವರಿಗೆ ಎಚ್.ಡಿ. ಕೋಟೆಯ ಕಡೆ ಜಾಗ ಕೊಟ್ಟು ಕೂರಿಸಿದ್ದಾರೆ. ಮರುದಿನ ಇಬ್ಬರೂ ಅಲ್ಲಿಗೆ ಹೋದೆವು. ಹಳೆಯ ಊರು ಬಲ್ಲ ಒಬ್ಬ ಯಜಮಾನರು ಜಗಲಿಯ ಮೇಲೆ ಮೊರದಲ್ಲಿ ಹುರಳಿ ಒನೆಯುತ್ತಿದ್ದರು. ಜಾಗದ ಗುರುತು ಹೇಳಿದೆವು. ಮೊರ ಕೆಳಗಿಟ್ಟರು.

"ನಮ್ಮೋರೇ ಕಣವ್ವ. ಯಾರು ಅಂತ ಎಂಗೇಳನ? ಅಲ್ಲಿ ಕೂತಿರೋರೆಲ್ಲ ನಮ್ಮೋರೇ."

"ಬಿಟ್ಟು ಬಂದ್ರಾ ಯಜಮಾನ್ರೇ?" ಎಂದರು ಮೇಡಂ.

"ಮನೆ ಬಿಚ್ಕಂಡ್ ಬಂದೋ. ತೊಲೆ, ಬಾಗ್ಲು, ಎಂಚು, ಎಲ್ಲಾನೂ ಗಾಡೀಗ್ ಏರುಸ್ಕಂಡ್ ಬಂದೋ. ದೇವ್ರನ್ನೂ ಎತ್ಕಂಡ್ ಬಂದೋ. ಕೂತಿರೋರ್ನ ಎಂಗವ್ವ ಎಬ್ಬುಸ್ಕಂಡ್ ಬರಾದು?" ಎಂದು ಅವರು ತಮ್ಮ ಒಣಗಿದ ಅಂಗೈ ನೋಡಿಕೊಂಡರು. ಆಮೇಲೆ ತಲೆಯೆತ್ತಿ, "ತೆಗುದ್ ಬುಟ್ರಾ ಆಚ್ಗೆ?"

"ಇಲ್ಲ. ಕದಲಿಸಿಲ್ಲ. ಇದ್ದ ಹಾಗೇ ಇದಾರೆ."

"ಅಂಗಾರೆ ಸರಿ ಬುಡಿ. ನಾಳೀಕ್ ಬತ್ತೀವಿ."

ಬಂದರು. ಶಾಸ್ತ್ರ ಮಾಡಿಸುವ ಅಯ್ನೋರನ್ನು ಕರೆದುಕೊಂಡು, ಒಂದು ಬುಟ್ಟಿ ವಿಭೂತಿ, ಪತ್ರೆ ತೆಗೆದುಕೊಂಡು ಬಂದರು. ಜಾಗ ಬದಲಿಸಲಿಲ್ಲ. ಕೊರಕಲಿಗೆ ಕಲ್ಲು ಕಟ್ಟಿ, ತೆರೆದಿದ್ದನ್ನು ಮತ್ತೆ ತುಂಬಿದರು. ಮೇಡಂ ದೂರದಲ್ಲಿ, ಹೆಂಗಸರು ನಿಲ್ಲಬೇಕಾದಷ್ಟು ದೂರದಲ್ಲಿ, ಕೊಡೆ ಮಡಿಸಿಕೊಂಡು ನಿಂತಿದ್ದರು. ಯಜಮಾನರು ತಿರುಗಿ ನೋಡಿದರು.

"ಅದ್ಯಾಕವ್ವ ಅಲ್ಲಿ ನಿಂತ್ಕಂಡೆ? ಬಾ ಇಲ್ಲಿ. ನೀನೂ ಒಂದ್ ಇಡಿ ಆಕು."

ಅಯ್ನೋರು ಏನೋ ಹೇಳಲು ಬಾಯಿ ತೆರೆದರು. ಯಜಮಾನರು, "ಸುಮ್ಕಿರಿ ಸ್ವಾಮಿ. ನಾವ್ ಮಕ್ಳು ಮೊಮ್ಮಕ್ಳು ನೀರ್ಗ್ ಬುಟ್ಟು ವೋದೋರು. ಉಡುಕ್ಕಂಡ್ ಬಂದೋಳು ಇವ್ವ" ಎಂದರು.

ಮೇಡಂ ಬಂದು, ಬಗ್ಗಿ, ವಿಭೂತಿಯ ಒಂದು ಗಟ್ಟಿಯನ್ನು ಆ ಅಂಗೈಯ ಹತ್ತಿರ ಇಟ್ಟರು. ಇಟ್ಟ ಮೇಲೆ ಕೈ ಹಿಂದಕ್ಕೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ನಿವೃತ್ತಿಯಾದರು. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಲಿಲ್ಲ. ಕೊಡಲಿಯನ್ನು ಬೀರುವಿನಲ್ಲೇ ಬಿಟ್ಟು ಹೋದರು. ಹಿನ್ನೀರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮೊದಲು ಆ ಜಾಗಕ್ಕೆ ಹೋಗಿ ಕಲ್ಲು ಸರಿದಿದೆಯೋ ನೋಡಿ, ಆಮೇಲೆ ಹುಡುಕಲು ಹೊರಡುವರು. "ಇನ್ನೂ ಹುಡುಕ್ತೀರಾ ಮೇಡಂ?" ಎಂದರೆ, "ಒಬ್ರು ಸಿಕ್ಕಿದ್ರಲ್ಲ. ಅವರಪ್ಪ, ಅವರಪ್ಪನ ಅಪ್ಪ, ಹಂಗೇ ಹಿಂದಕ್ಕೆ ಹೋಗೋದು ಅಷ್ಟೇ" ಎನ್ನುವರು. ಒಂದು ಸಲ ಕೆ.ಆರ್. ನಗರಕ್ಕೂ ಹೋಗಿ ಬಂದರಂತೆ. ಅಪ್ಪನ ಸಮಾಧಿಯ ಹತ್ತಿರ ಕೂತು, ತಮ್ಮನ ಮನೆಯಲ್ಲಿ ಕಾಫಿ ಕುಡಿದು, ಕತ್ತಲಾಗುವ ಮುಂಚೆ ವಾಪಸ್ಸು ಬಂದರಂತೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಕಾಲು ಊದಿಕೊಂಡು ಓಡಾಟ ನಿಂತ ಮೇಲೆ ಅವರ ಮನೆ ಇನ್ನೂ ನಿಶ್ಶಬ್ದವಾಯಿತು. ನಾನು ಭಾನುವಾರ ಹೋದರೆ, ಹಿಂದಿನ ಭಾನುವಾರ ನಾನು ಕುಡಿದಿಟ್ಟ ಲೋಟ ತೊಳೆದು ಬೋರಲು ಹಾಕಿದ ಜಾಗದಲ್ಲೇ ಇರುತ್ತಿತ್ತು. ನಡುವೆ ಯಾರೂ ಬಂದಿರುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ, ಹೊರಡಲು ಎದ್ದಾಗ ಕೂರಿಸಿದರು.

"ಒಂದು ಮಾತು. ನಾನು ಹೋದ ಮೇಲೆ ತಮ್ಮ ಬರ್ತಾನೆ, ಕರ್ಕೊಂಡು ಹೋಗ್ತಾನೆ. ಹೇಳಿದೀನಿ. ನೀವೂ ಹೋಗಿ. ವಿಭೂತಿ ಸ್ವಲ್ಪ ಜಾಸ್ತಿ ಹಾಕ್ಸಿ."

ನನಗೆ ಆಶ್ಚರ್ಯ. ಹಣೆಗೂ ಇಟ್ಟುಕೊಂಡವರಲ್ಲ. "ನಂಬಿಕೆ ಬಂತಾ ಮೇಡಂ?" ಎಂದು ತಮಾಷೆ ಮಾಡಿದೆ.

"ನಂಬಿಕೆ ಅಲ್ಲ, ಸುಣ್ಣ. ಬರೀ ಮಣ್ಣಾದ್ರೆ ನನ್ನನ್ನ ತಿಂದ್ಹಾಕ್ಬಿಡುತ್ತೆ. ಮಕ್ಕಳಿಲ್ಲ, ಮರಿಯಿಲ್ಲ, ಏನೂ ಉಳಿಯಲ್ಲ. ಮುಂದೆ ಯಾವತ್ತೋ, ನನ್ನಂಥ ಒಬ್ಳು ಹುಚ್ಚಿ ಹುಡುಕ್ಕೊಂಡು ಬರ್ತಾಳೆ. ರಜ ಹಾಕಿ, ಒಬ್ಳೇ, ಕೊಡೆ ಹಿಡ್ಕೊಂಡು. ನನಗಾದಂಗೆ ಅವಳಿಗೂ ಬರಿಗೈ ಆಗ್ಬಾರ್ದು. ಅವಳಿಗೆ ನಾನಾದ್ರೂ ಸಿಗ್ಬೇಕು." ಬಾಯಿ ತೆರೆದು ಹಿಂದಿನ ಹಲ್ಲು ತೋರಿಸಿದರು. ಮೈಸೂರಿನ ಡಾಕ್ಟರು ತುಂಬಿದ ಬೆಳ್ಳಿ ಮಿನುಗಿತು. "ಇದೊಂದು ಇದೆಯಲ್ಲ. ಇವಳು ಹಲ್ಲೊಳಗೆ ಬೆಳ್ಳಿ ಯಾಕೆ ಬಚ್ಚಿಟ್ಕೊಂಡ್ಲು ಅಂತ ತಲೆ ಕೆಡಿಸ್ಕೊಳ್ಳಲಿ. ಗೊತ್ತಿಲ್ಲ ಅಂತ ಬರ್ಕೊಳ್ಳಲಿ."

ಈ ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಕೊಂಡರು. ತಮ್ಮ ಬಂದರು, ಊರಿಗೆ ಕರೆದುಕೊಂಡು ಹೋದರು. ಗದ್ದೆಯ ಬಯಲಿಗಿಂತ ಎತ್ತರದ ಒಂದು ಮೂಲೆ, ಅಪ್ಪನ ಸಮಾಧಿಯ ಪಕ್ಕ. ನಾನು ಪಿರಿಯಾಪಟ್ಟಣದಿಂದ ಎರಡು ಗೋಣಿಚೀಲ ವಿಭೂತಿ ಗಟ್ಟಿ ತೆಗೆದುಕೊಂಡು ಹೋಗಿದ್ದೆ. ಅಲ್ಲಿಯ ಅಯ್ನೋರು ಚೀಲ ನೋಡಿ, "ಇದೇನಪ್ಪ, ಇಡೀ ಊರಿಗೆ ತಂದಂಗಿದೆ?" ಎಂದರು.

"ಮೇಡಂ ಹೇಳಿದ್ರು" ಎಂದೆ.

ತಮ್ಮ, "ಅಕ್ಕ ಹೇಳಿದ್ ಮೇಲೆ ಆಯ್ತು. ಹಾಕಿ ಸ್ವಾಮಿ. ಅವತ್ತೊಂದಿನ ಅವಳ ಮಾತು ಕೇಳ್ಲಿಲ್ಲ ನಾವು" ಎಂದರು.

ಅವರ ಹಳೆಯ ವಿದ್ಯಾರ್ಥಿನಿಯರು ಕೆಲವರು ಬಂದಿದ್ದರು. ಊರ ಬಾಗಿಲಲ್ಲಿ ಯಾರೂ ಅವರನ್ನು ತಡೆಯಲಿಲ್ಲ. ಗುಂಡಿಯ ಅಂಚಿನಲ್ಲಿ ಸಾಲಾಗಿ ನಿಂತು ಗಟ್ಟಿಗಳನ್ನು ಒಬ್ಬರಿಂದೊಬ್ಬರಿಗೆ ಕೊಡುತ್ತಾ ಬಂದರು. ಒಳಗೆ ಇಳಿದಿದ್ದ ಇಬ್ಬರಲ್ಲಿ ನಾನೊಬ್ಬ. ಮಡಿಲು ತುಂಬಿತು, ಎದೆ ತುಂಬಿತು, ಕತ್ತಿನವರೆಗೆ ಬಂತು. ಇಷ್ಟು ಸಾಕು, ಮೇಲೆ ಬಾ ಎಂದು ಯಾರೋ ಕೈ ಚಾಚಿದರು.

"ಒಂದ್ ನಿಮಿಷ ಇರಿ" ಎಂದೆ. ಒಂದು ಗಟ್ಟಿಯನ್ನು ಅಂಗೈಯಲ್ಲಿ ಪುಡಿ ಮಾಡಿ, ದವಡೆಯ ಎರಡೂ ಕಡೆ, ಗದ್ದದ ಕೆಳಗೆ, ಸಂದು ಉಳಿಯದ ಹಾಗೆ ಒತ್ತಿ ಒತ್ತಿ ತುಂಬಿದೆ.